ಯಂತ್ರಕ್ಕೆ ಅಡ್ಡಬಿದ್ದದ್ದು

ಕಾಯಿಲೆ ಬಿದ್ದವನಿಗೆ ಸಿಟ್ಟು ತೀರಿಸಿಕೊಳ್ಳಲು ಮನೆಯಲ್ಲಿ ಒಬ್ಬರಾದರೂ ಬೇಕು. ಡಾಕ್ಟರ ಮೇಲೆ ಸಿಟ್ಟಾದರೆ ಮಾತ್ರೆ ಹೆಚ್ಚುತ್ತದೆ, ಹೆಂಡತಿಯ ಮೇಲಾದರೆ ಪಥ್ಯದ ಸಾರಿನಲ್ಲಿ ಅಷ್ಟಿಷ್ಟು ಇದ್ದ ಉಪ್ಪೂ ಮಾಯವಾಗುತ್ತದೆ. ಹಾಗಾಗಿ ನಾನು ಹುಲ್ಲು ಕತ್ತರಿಸುವ ರೋಬೋವನ್ನು ಆರಿಸಿಕೊಂಡೆ.

ಯಾದವಗಿರಿಯ ನಮ್ಮ ಮನೆಯ ಮುಂದೆ ಪುಟ್ಟ ಲಾನ್ ಇದೆ. ವಕೀಲಿಕೆ ಮಾಡುತ್ತಿದ್ದಷ್ಟು ಕಾಲವೂ ಭಾನುವಾರ ಅದನ್ನು ಕತ್ತರಿಸುವುದು ನನ್ನ ಕೆಲಸ. ಕೋರ್ಟಿನಲ್ಲಿ ಆಗದ ಜಯ ಅಲ್ಲಿ ಆಗುತ್ತಿತ್ತು. ಹೋದ ವರ್ಷ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸೋತವು, ನಾಲಿಗೆ ತೊದಲತೊಡಗಿತು. ವಾಕರ್ ಹಿಡಿದು ನಡೆಯಿರಿ ಎಂದು ಫಿಸಿಯೋಥೆರಪಿಯ ಹುಡುಗಿ ಎಷ್ಟು ಗೋಗರೆದರೂ ನಾನು ವರಾಂಡದ ಕುರ್ಚಿ ಬಿಡಲಿಲ್ಲ. ಹೆಂಡತಿ ವನಜ ತನ್ನ ತಮ್ಮನಿಗೆ ಹೇಳಿ ರೋಬೋ ತರಿಸಿದಳು. ಆಮೆಯಂಥ ಆಕಾರ, ಹೊಟ್ಟೆಯಡಿ ಬ್ಲೇಡು. ಗೋಡೆಗೋ ಕುಂಡಕ್ಕೋ ತಗುಲಿದರೆ ತಾನೇ ತಿರುಗಿಕೊಳ್ಳುತ್ತದೆ.

"ನೋಡ್ರೀ, ಪಾಪ, ಒಂದ್ ಮಾತಾಡ್ದೆ ಹೆಂಗ್ ಕೆಲ್ಸ ಮಾಡುತ್ತೆ!" ಎಂದು ಅವಳು ಹೊಗಳುವಾಗ ಅವಳ ಕಣ್ಣು ನನ್ನ ಮೇಲಿರುತ್ತಿತ್ತು.

ಒಂದು ಬೆಳಿಗ್ಗೆ ಕಿಟಕಿಯ ಮೇಲಿನ ಸಜ್ಜೆಯ ಸಂದಿನಿಂದ ಗೊರವಂಕದ ಮರಿಯೊಂದು ಹುಲ್ಲಿನ ಮೇಲೆ ಬಿತ್ತು. ತಂದೆ ತಾಯಿ ಹಕ್ಕಿಗಳು ತಂತಿಯ ಮೇಲೆ ಕೂತು ಅರಚತೊಡಗಿದವು. ರೋಬೋ ಅತ್ತಲೇ ಹೊರಟಿತ್ತು. ಒಳಗೆ ಪೂಜೆಯ ಗಂಟೆ. "ವನಜಾ" ಎಂದು ಕೂಗಿದೆ. ಬಾಯಿಂದ "ವಜಾ" ಎಂದಷ್ಟೇ ಬಂತು. ಕೋರ್ಟಿನಲ್ಲಿ ಆ ಮಾತನ್ನು ಜಡ್ಜುಗಳ ಬಾಯಲ್ಲಿ ಬೇಕಾದಷ್ಟು ಕೇಳಿದ್ದೆ, ನಾನೇ ಹೇಳಿದ್ದು ಅದೇ ಮೊದಲು. ಯಾರೂ ಬರಲಿಲ್ಲ.

ಹೇಗೆ ಎದ್ದೆನೋ ಗೊತ್ತಿಲ್ಲ. ವಾಕರ್ ಕುರ್ಚಿಯ ಪಕ್ಕದಲ್ಲೇ ಉಳಿದಿತ್ತು. ಕಾಲೆಳೆದುಕೊಂಡು ಮೆಟ್ಟಿಲಿಳಿದು ಲಾನಿನ ನಡುವಿನವರೆಗೆ ಹೋಗಿ, ಮರಿಗೂ ಯಂತ್ರಕ್ಕೂ ನಡುವೆ ಉದ್ದಕ್ಕೆ ಬಿದ್ದೆ. ರೋಬೋ ನನ್ನ ಭುಜಕ್ಕೆ ಮೆಲ್ಲಗೆ ತಗುಲಿತು, ಹಿಂದೆ ಸರಿಯಿತು, ಮರ್ಯಾದೆಯಿಂದ ನನ್ನನ್ನು ಬಳಸಿಕೊಂಡು ಹೋಯಿತು. ಮರಿ ಅದರ ಲೆಕ್ಕಕ್ಕೇ ಬರಲಿಲ್ಲ. ಕೈ ಚಾಚಿದೆ, ಎಟುಕಲಿಲ್ಲ. ಆದ ಸದ್ದು ಬಹಳ ಸಣ್ಣದು.

ವನಜ ಓಡಿ ಬಂದವಳು ಮೆಟ್ಟಿಲು ನೋಡಿದಳು, ವಾಕರ್ ನೋಡಿದಳು. "ಅಯ್ಯೋ ದೇವ್ರೇ, ನೀವೇ ನಡ್ಕೊಂಡ್ ಬಂದ್ಬುಟ್ರಾ?" ಎಂದು ಹುಲ್ಲಿನ ಮೇಲೆ ಕೂತು ಅತ್ತೇಬಿಟ್ಟಳು. ನಾನು ಮರಿಯತ್ತ ಬೆರಳು ತೋರಿಸಿದೆ. "ಕೈಯೂ ಚೆನ್ನಾಗ್ ಆಡ್ತಿದೆ ಕಣ್ರೀ!" ಎಂದಳು.

ಸಂಜೆಯೊಳಗೆ ನಂಟರಿಗೆಲ್ಲ ಫೋನು ಹೋಯಿತು. ಪಕ್ಕದ ಮನೆಯ ನಿವೃತ್ತ ಎಂಜಿನಿಯರು ಕಿತ್ತಳೆ ಹಿಡಿದು ಬಂದರು. ಮರಿಯನ್ನು ನಾನು ಬಾಳೆ ಬುಡದಲ್ಲಿ ಹೂಳಿಸಿದ್ದೆ. ದೊಡ್ಡ ಹಕ್ಕಿಗಳು ಇನ್ನೂ ಹುಲ್ಲಿನ ಮೇಲೆ ಹುಡುಕುತ್ತಿದ್ದವು.

"ವಾಕರ್ ಇಲ್ದೆ ನಡೆದ್ರಂತೆ! ಅಷ್ಟು ಧೈರ್ಯ ಎಲ್ಲಿಂದ ಬಂತು ಸಾರ್?" ಎಂದು ಅವರು ಕೇಳಿದರು.

ನಿಜ ಹೇಳಬೇಕೆಂದೇ ಬಾಯಿ ತೆರೆದೆ. ವನಜ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ನನ್ನನ್ನೇ ನೋಡುತ್ತಿದ್ದಳು.

"ಎಲ್ಲಾ ಮನೋಬಲ ಕಣ್ರೀ" ಎಂದು ತೊದಲಿದೆ. ಅವರು ಸುಲಿದುಕೊಟ್ಟ ಕಿತ್ತಳೆಯ ತೊಳೆಗಳನ್ನು ಒಂದೂ ಬಿಡದೆ ತಿಂದೆ.