ಓಣಿಗೆಲ್ಲ ನನ್ನದೇ ಮೇಲ್

ಮನುಷ್ಯನಿಗೆ ಯಾವುದರ ಮೇಲೆ ಜಂಬ ಹುಟ್ಟುತ್ತದೆಂದು ಹೇಳಲಾಗದು. ಕೆಲವರಿಗೆ ಹೊಲದ ಮೇಲೆ, ಕೆಲವರಿಗೆ ಮೀಸೆಯ ಮೇಲೆ, ಇನ್ನು ಕೆಲವರಿಗೆ ಬೀಗರ ಮೇಲೆ. ನನಗೆ ಹುಟ್ಟಿದ್ದು ಇ-ಮೇಲ್ ಮೇಲೆ. ಜಮಖಂಡಿಯ ನಮ್ಮ ಓಣಿಯಲ್ಲಿ ಮೊಟ್ಟಮೊದಲು ಇ-ಮೇಲ್ ವಿಳಾಸ ಮಾಡಿಸಿಕೊಂಡವನು ನಾನು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರನಿಗೆ ಜಗತ್ತಿನ ಯಾವ ಮೂಲೆಯಿಂದ ಯಾರು ಪತ್ರ ಬರೆಯಬೇಕಾಗಿತ್ತೋ ದೇವರೇ ಬಲ್ಲ. ಆದರೂ ಸಿಕ್ಕಸಿಕ್ಕವರಿಗೆಲ್ಲ, "ಏನಿದ್ದರೂ ನನಗ ಮೇಲ್ ಮಾಡ್ರಿ, ದಿನಾ ಮುಂಜಾನೆ ಎದ್ದ ಕೂಡ್ಲೆ ನೋಡ್ತೇನಿ" ಎಂದು ಕೊಚ್ಚಿಕೊಳ್ಳುತ್ತಿದ್ದೆ. ಆ ಮಾತಿನಿಂದಲೇ ನನ್ನ ಜೀವದ ಗೆಳೆಯನನ್ನು ಕಳೆದುಕೊಂಡೆ. ಹೇಳಿಕೊಂಡರೆ ನಗೆಪಾಟಲು, ಹೇಳಿಕೊಳ್ಳದಿದ್ದರೆ ಹೊಟ್ಟೆಯೊಳಗೇ ಕುದಿಯುತ್ತದೆ. ನಗುವವರು ನಗಲಿ ಎಂದು ಹೇಳುತ್ತಿದ್ದೇನೆ.

ಮೊದಲು ಓಣಿಯ ಕಥೆ. ಯಾವ ಕಚೇರಿಗೆ ಹೋದರೂ ಅರ್ಜಿಯಲ್ಲಿ ಇ-ಮೇಲ್ ವಿಳಾಸ ಬರೆಯಲು ಒಂದು ಗೆರೆ ಬಿಟ್ಟಿರುತ್ತಾರಲ್ಲ, ನಮ್ಮ ಓಣಿಯವರು ಅಲ್ಲಿ ಕಣ್ಣು ಮುಚ್ಚಿಕೊಂಡು ನನ್ನದನ್ನು ಬರೆಯತೊಡಗಿದರು. ಎರಡು ಮನೆ ಆಚೆಯ ಗೌರಕ್ಕ ತನ್ನ ಗ್ಯಾಸ್ ಸಿಲಿಂಡರಿಗೆ ಕೊಟ್ಟಳು, ಎದುರು ಮನೆಯವರು ಟ್ರ್ಯಾಕ್ಟರಿನ ವಿಮೆಗೆ ಕೊಟ್ಟರು, ಮೂಲೆಯ ಕಿರಾಣಿ ಅಂಗಡಿಯವರು ಮಗನಿಗೆ ಹೆಣ್ಣು ಹುಡುಕುವ ಜಾಲತಾಣಕ್ಕೆ ಕೊಟ್ಟರು. ಆ ಮಗನಿಗೆ ಈಗ ಎರಡು ಮಕ್ಕಳು. ಆದರೂ ವಾರಕ್ಕೆ ಮೂರು ಸಲ ನನಗೆ ಅನುರೂಪ ಕನ್ಯೆಯರು ಬರುತ್ತಲೇ ಇದ್ದಾರೆ. ನನ್ನ ಹೆಂಡತಿ ಶಾಂತಾ ಒಂದು ದಿನ ಹೆಗಲ ಮೇಲಿಂದ ಬಗ್ಗಿ ನೋಡಿ, "ಇವು ಯಾರಿಗ್ರಿ?" ಎಂದು ಕೇಳಿದ ದನಿ ಇವತ್ತಿಗೂ ಕಿವಿಯಲ್ಲಿದೆ. ಓಣಿಗೆಲ್ಲ ಹಿರಿಯನಾದೆನೆಂದು ನಾನು ಉಬ್ಬಿದ್ದೇ ಉಬ್ಬಿದ್ದು. ಬಂದ ಮೇಲ್‌ಗಳನ್ನೆಲ್ಲ ನೋಡುತ್ತಿದ್ದೆನೇ ಎಂದರೆ, ಇಲ್ಲ. ಯಾರಾದರೂ ಬಾಗಿಲಿಗೆ ಬಂದು "ಮಾಸ್ತರ, ನಮ್ಮದೊಂದು ಬಂದಿರಬೇಕ ನೋಡ್ರಿ" ಎಂದರೆ ಮಾತ್ರ ಚಷ್ಮಾ ಹುಡುಕುತ್ತಿದ್ದೆ. ದಿನಾ ಮುಂಜಾನೆ ನಾನು ನೋಡುತ್ತಿದ್ದುದು ಚಹದ ಕಪ್ಪು ಮತ್ತು ಪೇಪರು.

ಹೀಗೆ ನಡೆದಿರಲು, ಈ ಸಲದ ಬೇಸಿಗೆಯಲ್ಲಿ ಗೌರಕ್ಕನ ಮೊಮ್ಮಗಳ ಪರೀಕ್ಷೆಯ ಹಾಲ್ ಟಿಕೆಟ್ ಬರಲಿಲ್ಲ. ನೋಡಿದರೆ, ನನ್ನ ಮೇಲ್ ಪೆಟ್ಟಿಗೆ ತುಂಬಿಹೋಗಿದೆ, ಜಾಗ ಮಾಡದ ಹೊರತು ಇನ್ನೊಂದು ಪತ್ರವೂ ಒಳಗೆ ಬರುವುದಿಲ್ಲ ಎಂಬ ಕೆಂಪು ಸೂಚನೆ ನೆತ್ತಿಯ ಮೇಲೇ ನಿಂತಿತ್ತು. ಗೌರಕ್ಕ ಸೊಂಟದ ಮೇಲೆ ಕೈಯಿಟ್ಟು, "ಏನ ಮಾಸ್ತರೋ ಏನೋ! ಒಂದ ಪೆಟಗಿ ಬಳಕೊಂಡ ಇಡಾಕ ಬರೂದಿಲ್ಲೇನ್ರಿ ನಿಮಗ?" ಎಂದಳು. ಹಾಲ್ ಟಿಕೆಟ್ಟನ್ನು ಹುಡುಗಿ ಬೇರೆ ದಾರಿಯಿಂದ ತರಿಸಿಕೊಂಡಳು, ಆದರೆ ನನ್ನ ಮಾನ ಓಣಿಯಲ್ಲಿ ಹರಾಜಾಗಿತ್ತು. ಮರುದಿನ ರವಿವಾರ. ಊಟ ಮುಗಿಸಿ, ಕಂಪ್ಯೂಟರಿನ ಮುಂದೆ ಟೊಂಕ ಕಟ್ಟಿ ಕುಳಿತೆ. ತೆರೆಯದೇ ಉಳಿದ ಮೇಲ್‌ಗಳು ಹದಿನಾಲ್ಕು ಸಾವಿರಕ್ಕೂ ಮೇಲಿದ್ದವು.

ನಾನು ಹುಟ್ಟಿದ್ದು ರಬಕವಿಯ ನೇಕಾರರ ಮನೆಯಲ್ಲಿ. ಗೇಣುದ್ದ ನೂಲು ನೆಲದ ಮೇಲೆ ಬಿದ್ದಿದ್ದರೂ ನಮ್ಮವ್ವ ಎತ್ತಿ ಗೂಟಕ್ಕೆ ಸುತ್ತುತ್ತಿದ್ದಳು, ನಾಳೆ ಎಳೆ ಹರಿದರೆ ಗಂಟು ಹಾಕಲು ಬರುತ್ತದೆಂದು. ಆ ಹಾಲು ಕುಡಿದು ಬೆಳೆದವನಿಗೆ ಒಂದೇ ಏಟಿಗೆ ಎಲ್ಲವನ್ನೂ ಅಳಿಸಿಹಾಕು ಎಂದರೆ ಹೇಗಾದೀತು? ಒಂದೊಂದನ್ನೇ ತೆರೆದು, ಓದಿ, ಉಪಯೋಗಕ್ಕೆ ಬಂದೀತೇ ಎಂದು ವಿಚಾರ ಮಾಡಿ, ನಿಟ್ಟುಸಿರುಬಿಟ್ಟು ಅಳಿಸತೊಡಗಿದೆ. ಎಂದೋ ಒಂದು ಅಂಗಿ ಕೊಂಡ ತಪ್ಪಿಗೆ ಬೆಳಗಾವಿಯ ಅಂಗಡಿಯೊಂದು ಪ್ರತಿವರ್ಷ ನನ್ನ ಹುಟ್ಟುಹಬ್ಬಕ್ಕೆ ಶುಭ ಕೋರಿತ್ತು. ನನ್ನ ಹುಟ್ಟುಹಬ್ಬ ನನಗೇ ನೆನಪಿರುವುದಿಲ್ಲ, ಪಾಪ ಅವರಿಗಿದೆಯಲ್ಲ ಎಂದು ಅದನ್ನು ಉಳಿಸಿಕೊಂಡೆ. ಎರಡು ತಾಸಿನ ಮೇಲೆ ಶಾಂತಾ ಬಂದು, "ಅಳಸಾಕತ್ತೀರೋ, ಕಾದಂಬರಿ ಓದಾಕತ್ತೀರೋ?" ಎಂದಳು. ಅಷ್ಟೊತ್ತಿಗೆ ಅಳಿಸಿದ್ದು ಅರವತ್ತು.

ಸಂಜೆ ಆಗುತ್ತ ಬಂದಂತೆ ಕೈಗೆ ರೂಢಿಯಾಗಿ, ಹೆಸರನ್ನಷ್ಟೇ ನೋಡುತ್ತ ಸರಸರನೆ ಕೆಳಗಿಳಿದು, ನಾಲ್ಕು ವರ್ಷದ ಹಿಂದಿನ ರಾಶಿಗೆ ಮುಟ್ಟಿದೆ. ಅಲ್ಲಿ, ಟ್ರ್ಯಾಕ್ಟರಿನ ವಿಮೆಗೂ ಒಬ್ಬ ಅನುರೂಪ ಕನ್ಯೆಗೂ ನಡುವೆ, ಈರಪ್ಪನ ಹೆಸರಿತ್ತು. ವಿಷಯ ಎಂಬಲ್ಲಿ ಎರಡೇ ಶಬ್ದ: "ಲೇ ಬಸ್ಯಾ". ಬಸವರಾಜ ಮಾಸ್ತರನನ್ನು ಈ ಭೂಮಿಯ ಮೇಲೆ ಹಾಗೆ ಕರೆಯುವವನು ಅವನೊಬ್ಬನೇ.

ಈರಪ್ಪ ಮತ್ತು ನಾನು ರಬಕವಿಯಲ್ಲಿ ಒಂದೇ ಗೋಡೆಯ ಆಚೆ ಈಚೆ ಬೆಳೆದವರು. ಅವನು ಮಗ್ಗ ಹಿಡಿದ, ನಾನು ಚಾಕ್‌ಪೀಸು ಹಿಡಿದೆ. ಮೀಸೆ ಮೂಡುವ ವಯಸ್ಸಿನಲ್ಲಿ ಇಬ್ಬರೂ ಕೂಡಿ ಗ್ರಾಫ್ ಹಾಳೆಯ ಮೇಲೆ ಚೌಕಕ್ಕೊಂದು ಚುಕ್ಕಿಯಿಟ್ಟು ಸೀರೆಯ ದಡಿಗೆ, ಅಂದರೆ ಅಂಚಿಗೆ, ಜೋಳದ ತೆನೆಯ ಒಂದು ನಮೂನೆ ಬರೆದಿದ್ದೆವು. ಸೀರೆ ವ್ಯಾಪಾರದ ಸಾವಕಾರರೊಬ್ಬರು ಅದನ್ನು ನೋಡಿ, "ಜ್ವಾಳ ಹೊಲದಾಗ ಐತಿ, ರೊಟ್ಟ್ಯಾಗ ಐತಿ, ಮತ್ತ ಸೀರ್ಯಾಗೂ ಯಾಕೋ?" ಎಂದು ತಿರುಗಿ ಕೊಟ್ಟಿದ್ದರು. ಆ ಹಾಳೆ ಈರಪ್ಪನ ಕಡೆಯೇ ಉಳಿದಿತ್ತು.

ನಾಲ್ಕು ವರ್ಷದ ಹಿಂದೆ ಅವನ ಮಗಳು ಸುಮಾಳ ಮದುವೆ ಗೊತ್ತಾಯಿತು. ನಮ್ಮ ಕಡೆ ಆಪ್ತರನ್ನು ಕರೆಯುವುದೆಂದರೆ ಬಾಗಿಲಿಗೆ ಬಂದು, ಕುಂಕುಮ ಹಚ್ಚಿ, ಪತ್ರಿಕೆ ಕೈಯಲ್ಲಿಟ್ಟು ಕರೆಯುವುದು. ಈರಪ್ಪ ಇಂದು ಬಂದಾನು, ನಾಳೆ ಬಂದಾನು ಎಂದು ನಾನು ಕಾದೆ. ಬಂದವನು ಅವನ ತಮ್ಮ. ನನ್ನ ಕಣ್ಣೆದುರಿಗೇ, ನನ್ನಿಂದಲೇ ಅವರಿಗೆ ಪರಿಚಯವಾಗಿದ್ದ ಗೌರಕ್ಕನ ಮನೆಗೆ ಪತ್ರಿಕೆ ಕೊಟ್ಟ, ಎದುರು ಮನೆಗೆ ಕೊಟ್ಟ, ನನ್ನ ಬಾಗಿಲ ಮುಂದೆ ಬಂದು "ಆರಾಮ ಅದೀರೇನ್ರಿ ಮಾಸ್ತರ?" ಎಂದು ನಕ್ಕು, ಮೋಟಾರ್ ಸೈಕಲ್ ಹತ್ತಿ ಹೋಗಿಯೇಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು. ಈರಪ್ಪ ಮಗ್ಗದ ಮೇಲೆ ಕೂಡಿಸಿದ, ನಮೂನೆ ಎತ್ತುವ ಜಕಾರ್ಡ್ ಯಂತ್ರ ಸರಿಮಾಡಲು ಏಣಿ ಹತ್ತಿ, ಬಿದ್ದು ಕಾಲು ಮುರಿದುಕೊಂಡಿದ್ದಾನೆಂದು ಗೌರಕ್ಕ ಹೇಳಿದಳು. "ಕಾಲ ಮುರದೈತಿ, ಬಾಯಿ ಮುರದಿಲ್ಲಲ್ಲ? ಒಂದ ಫೋನ್ ಮಾಡಾಕ ಏನಾಗಿತ್ತು?" ಎಂದೆ. ಶಾಂತಾ, "ಗೆಳ್ಯಾರ ಮನಿಗೆ ಹೋಗಾಕ ಕಾಗದ ಯಾಕ ಬೇಕ್ರಿ, ಹೋಗಿ ಬರೋಣ ನಡೀರಿ" ಎಂದು ಮೂರು ಸಲ ಹೇಳಿದಳು. ಮದುವೆಯ ದಿನ ನಾನು ಮನೆಯಲ್ಲಿ ಕುಳಿತು ಹಳೆಯ ಛತ್ರಿ ರಿಪೇರಿ ಮಾಡಿದೆ. ಅದಾದ ಮೇಲೆ ರಬಕವಿಯ ಮೇಲೆ ಬಸ್ಸು ಹಾಯ್ದಾಗಲೆಲ್ಲ ಅವನ ಮನೆಯ ಕಡೆ ಬೆನ್ನು ಮಾಡಿ ಕೂಡುತ್ತಿದ್ದೆ. ಎಂಥ ಮೂರ್ಖತನ ಎಂದು ಈಗ ಅನ್ನಿಸುತ್ತದೆ. ಆಗ ಅದು ಸ್ವಾಭಿಮಾನ ಎಂದೇ ತಿಳಿದಿದ್ದೆ.

ಮೇಲ್ ತೆರೆದೆ. ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆದ ಪತ್ರದ ಫೋಟೋ. ಚೌಕಕ್ಕೊಂದು ಅಕ್ಷರ, ನಮೂನೆ ಬರೆಯುವವನ ಹಳೆಯ ಚಾಳಿ.

"ಲೇ ಬಸ್ಯಾ, ಕಾಲ ಮುರಕೊಂಡ ಹಾಸಿಗಿ ಹಿಡದೇನಿ. ಎಲ್ಲಾರ ಮನಿಗೂ ತಮ್ಮನ್ನ ಕಳಸೇನಿ. ನಿನ್ನ ಮನಿಗೆ ಅವನ್ನ ಕಳಸಾಕ ಮನಸ ಒಪ್ಪಲಿಲ್ಲ. ಫೋನಿನ್ಯಾಗ ಕರದ್ರ ಹೊರಗಿನವರನ್ನ ಕರದಂಗ ಆಕ್ಕೈತಿ. ದಿನಾ ಮುಂಜಾನೆ ಮೇಲ್ ನೋಡ್ತೇನಿ ಅಂತೀಯಲ್ಲ, ಅದಕ್ಕ ಕೈಲೆ ಬರದ ಇದರಾಗ ಹಾಕೇನಿ. ನಾನ ಕುಂಕುಮ ಹಿಡಕೊಂಡ ನಿನ್ನ ಬಾಗಲಾಗ ನಿಂತೇನಿ ಅಂತ ತಿಳಿ. ನಮ್ಮ ಜ್ವಾಳದ ತೆನಿ ದಡಿ ಸುಮಾನ ಮದವಿ ಅಕ್ಕಿಕಾಳ ಸೀರಿಗೆ ಹಾಕೇನಿ, ಬೀಳೂಕ ಮದಲ ನೇದ ಮುಗಸೇನಿ. ಮಗ್ಗದ ಮ್ಯಾಲಿಂದ ಇಳಸೂದ್ರಾಗ ಬಾ. ನೀ ನೋಡೂತನಾ ಯಾರಿಗೂ ತೋರಸೂದಿಲ್ಲ."

ಶಾಂತಾ ಬಂದು ಓದಿದಳು. ಬೈಯುತ್ತಾಳೆಂದು ಕಾದೆ, ರಬಕವಿಗೆ ಮೊದಲ ಬಸ್ಸು ಎಷ್ಟಕ್ಕೆಂದು ಕೇಳಿದಳು. ಅದೇ ಹೆಚ್ಚು ಕೆಟ್ಟದೆನಿಸಿತು.

ಮರುದಿನ ಸಾಲೆಗೆ ರಜೆ ಹಾಕಿ ಇಬ್ಬರೂ ರಬಕವಿಗೆ ಹೋದೆವು. ಈರಪ್ಪ ಮಗ್ಗದ ಮುಂದೆ ಕುಳಿತಿದ್ದ, ಗೋಡೆಗೆ ಒಂದು ಕೋಲು ಆನಿಸಿಟ್ಟಿತ್ತು. ನನ್ನನ್ನು ನೋಡಿ ಎದ್ದು ನಿಂತು, "ಬರ್ರಿ ಮಾಸ್ತರ, ಕೂಡ್ರಿ" ಎಂದ. ಐವತ್ತು ವರ್ಷದಲ್ಲಿ ಅವನು ನನಗೆ ಕೊಟ್ಟ ಮೊದಲ ಮರ್ಯಾದೆ ಅದು. ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನಾನು ತೊದಲುತ್ತ ಗ್ಯಾಸ್ ಸಿಲಿಂಡರು, ವಿಮೆ, ಕನ್ಯೆಯರು, ಹದಿನಾಲ್ಕು ಸಾವಿರ, ಎಲ್ಲ ಹೇಳಿದೆ. ಅವನು ಕಡೆತನಕ ಕೇಳಿ, "ಓಣಿ ಮಂದಿದೆಲ್ಲಾ ನೋಡಾಕ ಆತು, ನಂದ ನೋಡಾಕ ಆಗಲಿಲ್ಲ ಅನ್ರಿ" ಎಂದ. ಓಣಿಯವರದನ್ನೂ ನೋಡಿಲ್ಲ ಎಂದು ಹೇಳಿದರೆ ಸಮಾಧಾನವಾದೀತೋ ಇಲ್ಲವೋ ತಿಳಿಯದೆ ಚಷ್ಮಾ ಒರೆಸಿಕೊಂಡೆ.

ಚಹ ತಂದ ಅವನ ಹೆಂಡತಿ, ನಮ್ಮ ವೈನಿ, ನನಗಲ್ಲ, ಶಾಂತಾಳಿಗೆ ಹೇಳಿದಳು: "ಸೀರಿಗೆ ಅರಿವಿ ಹೊದಿಸಿ ಇಟ್ಟಿದ್ರವಾ. ಅವ ಬಂದ ನೋಡಲಿ, ಅವ ಬಂದ ನೋಡಲಿ ಅಂತ ಹಟ. ಅಕ್ಕಿಕಾಳಿನ ಮುಹೂರ್ತದ ಹೊತ್ತಾತು, ಹುಡಗಿ ಉಡಬೇಕ. ಕಡೀಕ ನಾನ ಕೈಯಾಗಿಂದ ಕಸಗೊಂಡೆ." ಈರಪ್ಪ ಮಗ್ಗದ ಕಡೆ ತಿರುಗಿದ್ದ. ಆ ಸೀರೆಯನ್ನು ಒಮ್ಮೆ ನೋಡಬಹುದೇ ಎಂದು ಕೇಳಿದೆ. ಅದು ಸುಮಾಳ ಜೊತೆಗೇ ಲೋಕಾಪುರದಲ್ಲಿ, ಅವಳ ಅತ್ತೆಯ ಮನೆಯಲ್ಲಿದೆಯಂತೆ. "ಫೋಟೋ ಐತ್ರಿ," ಎಂದ ಈರಪ್ಪ, ತಿರುಗಿ ನೋಡದೆ. "ಮೇಲ್ ಮಾಡಲೇನ್ರಿ, ಮಾಸ್ತರ?"

ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡಳು. ನಗೆಯೋ ಅಳುವೋ ನಾನು ಕೇಳಲಿಲ್ಲ. "ಮಾಡು," ಎಂದೆ.

ಊರಿಗೆ ಬಂದವನೇ ಈರಪ್ಪನದೊಂದನ್ನು ಬಿಟ್ಟು ಹದಿನಾಲ್ಕು ಸಾವಿರವನ್ನೂ ಓದದೆ ಅಳಿಸಿದೆ, ಬೆಳಗಾವಿಯ ಹುಟ್ಟುಹಬ್ಬಗಳನ್ನು ಸಹ. ಓಣಿಯ ಮನೆಮನೆಗೆ ಹೋಗಿ ಅವರವರ ಹೆಸರಿನಲ್ಲಿ ಮೇಲ್ ವಿಳಾಸ ಮಾಡಿಸಿಕೊಟ್ಟೆ. ಗೌರಕ್ಕ ಈಗ, "ನನಗೂ ಒಂದ ಐತಿ, ಏನಿದ್ರೂ ಅದಕ್ಕ ಹಾಕ್ರಿ" ಎಂದು ಹೇಳಿಕೊಂಡು ಅಡ್ಡಾಡುತ್ತಾಳೆ. ಕೇಳಿದರೆ ನನಗೆ ಎದೆ ಧಸಕ್ ಎನ್ನುತ್ತದೆ. ನನ್ನ ಪೆಟ್ಟಿಗೆಯಲ್ಲಿ ಈರಪ್ಪನ ಹೆಸರಿನ ಒಂದು ಖಾನೆ ಮಾಡಿದ್ದೇನೆ. ಅವನು ಏನು ಕಳಿಸಿದರೂ ನೆಟ್ಟಗೆ ಅಲ್ಲಿಗೇ ಬಂದು ಬೀಳಬೇಕು, ಯಾವ ಕನ್ಯೆಯೂ ಅಡ್ಡ ಬರಬಾರದು. ಅದರಲ್ಲಿ ನಾಲ್ಕು ವರ್ಷದ ಹಿಂದಿನ ಆ ಒಂದು ಪತ್ರ ಇದೆ. ಫೋಟೋ ಇನ್ನೂ ಬಂದಿಲ್ಲ.

ಮೊನ್ನೆ ಶಾಂತಾ ಹೆಗಲ ಮೇಲಿಂದ ಬಗ್ಗಿ ನೋಡಿ, "ಈಗ ನೋಡ್ರಿ, ಎಷ್ಟ ಚೊಕ್ಕ ಐತಿ" ಎಂದಳು. ಹೌದು, ಚೊಕ್ಕವಾಗಿದೆ. ಚಹ ತಣ್ಣಗಾದರೂ, ಪೇಪರು ಬಾಗಿಲಲ್ಲೇ ಬಿದ್ದಿದ್ದರೂ, ಈಗ ನಾನು ದಿನಾ ಮುಂಜಾನೆ ಎದ್ದ ಕೂಡಲೇ ಮೇಲ್ ನೋಡುತ್ತೇನೆ.