ರುದ್ರಪ್ಪನವರ ವೆಬ್‌ಸೈಟ್ ಪೂಜೆ

ಕರೆಂಟ್ ಹೋಗಬಹುದಿತ್ತು. ಇಂಟರ್ನೆಟ್ ಕೈಕೊಡಬಹುದಿತ್ತು. ನನ್ನ ಲ್ಯಾಪ್‌ಟಾಪ್ ಸರಿಯಾಗಿ ಮಂಗಳಾರತಿಯ ಹೊತ್ತಿಗೆ, ಅಪ್‌ಡೇಟ್ ಆಗುತ್ತಿದ್ದೇನೆ, ಮುಟ್ಟಬೇಡಿ ಎಂದು ಹಟ ಹಿಡಿಯಬಹುದಿತ್ತು. ವೆಬ್‌ಸೈಟಿನಲ್ಲಿ ಸ್ಪ್ರಿಂಗಿನ ಫೋಟೋ ಇರಬೇಕಾದ ಕಡೆ ಹಿಂದಿನ ಗಿರಾಕಿಯ ಹೋಳಿಗೆ ಬಂದು ಕೂರಬಹುದಿತ್ತು. ತೆಂಗಿನಕಾಯಿಯ ನೀರು ಕೀಬೋರ್ಡಿಗೆ ಹಾರಬಹುದಿತ್ತು. ಇದಕ್ಕೆಲ್ಲ ನಾನು ಮೊದಲೇ ವ್ಯವಸ್ಥೆ ಮಾಡಿಕೊಂಡಿದ್ದೆ. ಎರಡು ಕಂಪನಿಯ ಸಿಮ್, ಕೀಬೋರ್ಡಿಗೆ ಬಿಗಿಯಾದ ಪ್ಲಾಸ್ಟಿಕ್ ಹೊದಿಕೆ, ಸಾಲದ್ದಕ್ಕೆ ಒಂದು ಯುಪಿಎಸ್. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆಂದು ಗೊತ್ತಿದ್ದೂ ಆ ಯುಪಿಎಸ್ಸನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ರಾಜಗೋಪಾಲನಗರದಿಂದ ಪೀಣ್ಯಕ್ಕೆ ಹೋದೆ. ಟ್ರಾಫಿಕ್ಕಿಗೆ ಹೆದರಿ ಎಷ್ಟು ಬೇಗ ಹೊರಟೆನೆಂದರೆ, ಪೂಜೆಯ ಅಯ್ಯನವರಿಗಿಂತ ಮೊದಲೇ ತಲುಪಿ ಕಾರ್ಖಾನೆ ಗುಡಿಸುವವರಿಗೆ ಅಡ್ಡವಾಗಿ ನಿಂತಿದ್ದೆ. ಕೆಟ್ಟದ್ದನ್ನು ಮುಂಚಿತವಾಗಿ ಯೋಚಿಸುವುದರಲ್ಲಿ ಮಾತ್ರ ನಾನು ಎಂದೂ ಹಿಂದೆ ಬಿದ್ದವನಲ್ಲ.

ಉಳಿದದ್ದರಲ್ಲಿ ಬಿದ್ದಿದ್ದೇನೆ. ವೆಬ್‌ಸೈಟ್ ಮಾಡಿಕೊಡುವುದು ನನ್ನ ಕಸುಬು. ಇದಕ್ಕೆ ಬಂದ ಹೊಸದರಲ್ಲಿ ಅಕ್ಷರ ಮಿಣುಕಿಸಲು ಬಲ್ಲವನೇ ಜಾಣ. ಪುಟದ ನೆತ್ತಿಯ ಮೇಲೆ 'ಸುಸ್ವಾಗತ'ವನ್ನು ಬಲದಿಂದ ಎಡಕ್ಕೆ ಓಡಿಸಿಬಿಟ್ಟರೆ ಗಿರಾಕಿ ಖುಷಿಯಾಗಿ ಕಾಫಿ ತರಿಸುತ್ತಿದ್ದ. ಆಮೇಲೆ ಓಡುವುದು ಕೆಟ್ಟ ಅಭಿರುಚಿ ಎನಿಸಿಕೊಂಡಿತು. ಹೊಸದೊಂದನ್ನು ಕಲಿತು, ನಾಲ್ಕು ಜನರೆದುರು ಅದರ ಹೆಸರೆತ್ತುವ ಧೈರ್ಯ ಬರುವಷ್ಟರಲ್ಲಿ ಯಾರಾದರೂ ಹುಡುಗರು, "ಅದಾ? ಅದು ಹೋಯ್ತಲ್ಲ ಸಾರ್" ಎನ್ನುತ್ತಾರೆ, ದೂರದ ನೆಂಟರ ಸಾವಿನ ಸುದ್ದಿ ಹೇಳುವ ದನಿಯಲ್ಲಿ. ನನಗೋ ಅದಕ್ಕೆ ಹುಷಾರಿಲ್ಲದ್ದೇ ಗೊತ್ತಿರುವುದಿಲ್ಲ. ಈಗಂತೂ ಬಾಯಲ್ಲಿ ಹೇಳಿದರೆ ಸಾಕು, ಎಐ ಪುಟ ಕಟ್ಟಿಕೊಡುತ್ತದಂತೆ. ನಾನೂ ಹೇಳಿ ನೋಡಿದೆ. ಕಟ್ಟಿಕೊಟ್ಟಿತು. ಅವತ್ತು ನನಗೆ ಊಟ ಸೇರಲಿಲ್ಲ. ಹೀಗೆ ಹೆದರಿ ಹೆದರಿ ಪಾಠದ ವಿಡಿಯೋ ನೋಡುತ್ತ ಕೂತರೆ, ನನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತು, "ಇಷ್ಟೆಲ್ಲ ಕಲೀತೀರಲ್ಲ, ಫೋನಲ್ಲಿ ಗ್ಯಾಸ್ ಬುಕ್ ಮಾಡೋದು ಯಾವ ಪಾಠದಲ್ಲಿ ಬರತ್ತೆ?" ಎಂದು ಕೇಳುತ್ತಾಳೆ.

ದಾವಣಗೆರೆ ಕಡೆಯ ರುದ್ರಪ್ಪನವರು ಪೀಣ್ಯದಲ್ಲಿ ಸ್ಪ್ರಿಂಗ್ ಮಾಡಿಸುತ್ತಾರೆ. ನನ್ನ ಮೊಟ್ಟಮೊದಲ ಗಿರಾಕಿ. ಅವರು ಹೇಳಿದರೆಂದೇ ಆ ಬೀದಿಯ ಉಳಿದ ಕಾರ್ಖಾನೆಗಳು ನನ್ನ ಹತ್ತಿರ ಬಂದದ್ದು. ಅವರು ಕೈಬಿಟ್ಟರೆ ಬೀದಿಯೇ ಕೈಬಿಟ್ಟಂತೆ. ಅವರ ಸೊಸೆ ಸೌಮ್ಯ ವೈಟ್‌ಫೀಲ್ಡಿನಲ್ಲಿ ಇಂಜಿನಿಯರ್. ನಾನು ಮಾಡಿಕೊಟ್ಟಿದ್ದ ಹಳೆಯ ಸೈಟ್ ನೋಡಿ ಆಕೆ ತುಂಬ ಮೃದುವಾಗಿ, "ಚೆನ್ನಾಗಿದೆ ಅಂಕಲ್. ಸ್ಕೂಲಲ್ಲಿದ್ದಾಗ ನಾನೂ ಹಿಂಗೇ ಒಂದು ಮಾಡಿದ್ದೆ" ಎಂದಳು. ಬೇಕಾದರೆ ತನ್ನ ಸ್ನೇಹಿತರು ಹೊಸ ರೀತಿಯಲ್ಲಿ ಮಾಡಿಕೊಡುತ್ತಾರೆಂದೂ ಸೇರಿಸಿದಳು. ರುದ್ರಪ್ಪನವರು ನನ್ನ ಮುಖ ನೋಡಿದರು. ಹೊಸದಾಗಿ ನೀವೇ ಮಾಡಿ ತನ್ನಿ, ಪೂಜೆ ಮಾಡಿ ಎಲ್ಲರೆದುರು ತೆರೆಯೋಣ, ಸೌಮ್ಯ ಒಪ್ಪಿದರೆ ಮುಂದೆಯೂ ನೀವೇ ಎಂದರು.

ಮಾಡಿದೆ. ಈಗಿನವರ ಹಾಗೆ ಪುಟದ ತುಂಬ ಖಾಲಿ ಜಾಗ ಬಿಟ್ಟೆ. ಬೆಂಗಳೂರಿನಲ್ಲಿದ್ದುಕೊಂಡು ಅಷ್ಟು ಜಾಗ ಖಾಲಿ ಬಿಡುವಾಗ ಚದರಡಿಯ ಲೆಕ್ಕ ಹಾಕಿದೆ. ಪೂಜೆಯ ಹಿಂದಿನ ದಿನ ಇದೂ ಸಾಲದೆನಿಸಿ ಡಾರ್ಕ್ ಮೋಡ್ ಸೇರಿಸಿದೆ. ಅಂದರೆ, ಯಾರು ತಮ್ಮ ಫೋನನ್ನು ಕಪ್ಪು ಪರದೆಗೆ ಹೊಂದಿಸಿಕೊಂಡಿದ್ದಾರೋ ಅವರಿಗೆ ನಮ್ಮ ಪುಟವೂ ತಾನಾಗಿ ಕಪ್ಪಾಗಿ ಕಾಣುತ್ತದೆ. ಯಾರೂ ಕೇಳಿರಲಿಲ್ಲ. ಸೌಮ್ಯಳ ಕಣ್ಣಿಗೆ ಬೀಳಲೆಂದೇ ಹಾಕಿದ್ದು.

ಪೂಜೆಯ ದಿನ ಕರೆಂಟ್ ಇತ್ತು, ಇಂಟರ್ನೆಟ್ ಇತ್ತು, ಕಾಯಿಯ ನೀರು ಬೀಳಬೇಕಾದ ಕಡೆಯೇ ಬಿತ್ತು. ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿ ಸೇವಂತಿಗೆ ಇಟ್ಟಾಯಿತು. ಆಗ ರುದ್ರಪ್ಪನವರು, ಮೊದಲು ಅವ್ವ ತನ್ನ ಫೋನಿನಲ್ಲೇ ತೆರೆಯಲಿ ಎಂದರು. ಆ ಅಜ್ಜಿಗೆ, ಅಂದರೆ ರುದ್ರಪ್ಪನವರ ತಾಯಿಗೆ, ಈಚೆಗೆ ಕಣ್ಣಿನ ಆಪರೇಷನ್ ಆಗಿತ್ತು. ಬೆಳಕು ಚುಚ್ಚಬಾರದೆಂದು ಸೌಮ್ಯಳೇ ಅವರ ಫೋನನ್ನು ಕಪ್ಪು ಪರದೆಗೆ ಹಾಕಿಕೊಟ್ಟಿದ್ದಳು. ಅದು ನನಗೆ ಹೇಗೆ ಗೊತ್ತಾಗಬೇಕು? ಕರ್ಪೂರ ಉರಿಯುತ್ತಿತ್ತು. ಅಜ್ಜಿ ಫೋನನ್ನು ಕಣ್ಣಿಗೊತ್ತಿಕೊಂಡು ಬೆರಳಿಟ್ಟರು. ಪುಟ ಕಡುಗಪ್ಪಾಗಿ ತೆರೆದುಕೊಂಡಿತು. ಶುಭಕಾರ್ಯದ ಮೊದಲ ನೋಟವೇ ಕಪ್ಪು. ಅಯ್ಯನವರು ಗಂಟೆ ನಿಲ್ಲಿಸಿದರು.

ಅಜ್ಜಿ ಫೋನನ್ನು ಒಮ್ಮೆ ಕೊಡವಿ ನನ್ನ ಕಡೆ ತಿರುಗಿದರು. "ಯಾಕಪಾ, ಕರೆಂಟ್ ಹೋಗೇತೇನು?"

ಪಕ್ಕದಲ್ಲಿ ಸೌಮ್ಯ ಕಣ್ಣರಳಿಸಿ ಪಿಸುಗುಟ್ಟಿದಳು. "ಅಂಕಲ್, ಡಾರ್ಕ್ ಮೋಡ್ ಹಾಕಿದೀರಾ? ಸಕ್ಕತ್ತಾಗಿದೆ."

ಆ ಮಾತು ಕೇಳಬೇಕೆಂದು ನಾನು ಎಷ್ಟು ದಿನದಿಂದ ಕಾದಿದ್ದೆ. "ತೆಗೀತಾ ಇದೀನಮ್ಮಾ" ಎಂದೆ. ತೆಗೆಯುವುದೂ ಸುಲಭವಾಗಲಿಲ್ಲ, ನನ್ನದೇ ಪ್ಲಾಸ್ಟಿಕ್ ಹೊದಿಕೆ ಕೀಬೋರ್ಡನ್ನು ಬಿಡಲೊಲ್ಲದು. ಕರ್ಪೂರ ಆರುವ ಮೊದಲು ಹೇಗೋ ಆ ಸಾಲುಗಳನ್ನು ಅಳಿಸಿದೆ. ಅಜ್ಜಿಯ ಫೋನು ಬೆಳ್ಳಗಾಯಿತು. "ಈಗ ಬಂತು ನೋಡು" ಎಂದು ಅವರು ಮತ್ತೆ ಕೈಮುಗಿದರು. ಸೊಸೆ ಒಪ್ಪಿದ ಮೇಲೆ ರುದ್ರಪ್ಪನವರದೇನೂ ತಕರಾರಿರಲಿಲ್ಲ. ಮುಂದೆಯೂ ನೀವೇ ಎಂದು ನನಗೊಂದು ಬಾಳೆಹಣ್ಣು ಕೊಟ್ಟರು.

ಮನೆಗೆ ಬಂದಾಗ ಹೆಂಡತಿ ಹೇಗಾಯಿತೆಂದು ಕೇಳಿದಳು. ಎಲ್ಲ ಚೆನ್ನಾಯಿತು, ಒಂದೇ ಒಂದು ಕ್ಷಣ ಕರೆಂಟ್ ಹೋಯಿತಷ್ಟೇ ಎಂದೆ.

"ಯುಪಿಎಸ್ ಹೊತ್ಕೊಂಡು ಹೋಗಿದ್ರಲ್ಲ?"

ನಾನು ಫೋನ್ ತೆಗೆದು ಗ್ಯಾಸ್ ಬುಕ್ ಮಾಡಲು ಕೂತೆ.