ಎಲಿ ತಗಿಯುವ ನಮ್ಮ ಮಾಮಾ

ನಮ್ಮ ಮಾಮಾ ಹತ್ತಾರು ಮದುವೆಗಳ ಫೋಟೊ ತೆಗೆದಿದ್ದಾನೆ; ಒಂದರಲ್ಲೂ ಮದುಮಗಳಿಲ್ಲ! ಮದುಮಗನಿಲ್ಲ, ತಾಳಿ ಇಲ್ಲ, ಬಾಸಿಂಗವೂ ಇಲ್ಲ. ಹಾಗಾದರೆ ಇರುವುದೇನು ಅನ್ನುತ್ತೀರಾ? ಹುಗ್ಗಿ ಇದೆ, ಬದನೆಕಾಯಿ ಪಲ್ಯ ಇದೆ, ಹಪ್ಪಳ ಸಂಡಿಗೆ ಇವೆ, ಕೊಡಗಟ್ಟಲೆ ಶರಬತ್ತು ಇದೆ. ಎಪ್ಪತ್ತರ ದಶಕದಲ್ಲಿ ಇಂಡಿಯಿಂದ ಮುದ್ದೇಬಿಹಾಳದವರೆಗೆ ನಮ್ಮ ಬಳಗದವರು ಏನೇನು ಉಂಡರು ಎಂದು ಕೇಳಿದರೆ ಸಾಕ್ಷಿ ಸಮೇತ ಹೇಳಬಹುದು. ಯಾರು ಯಾರನ್ನು ಮದುವೆಯಾದರು ಎಂಬುದಕ್ಕೆ ಮಾತ್ರ ಸಾಕ್ಷಿ ಸಿಗುವುದಿಲ್ಲ.

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಬಸವನ ಬಾಗೇವಾಡಿಯ ಒಂದು ಅರಿವೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸೊಲ್ಲಾಪುರಕ್ಕೆ ಸರಕು ತರಲು ಹೋದವನು ಒಂದು ಡಬ್ಬಿ ಕ್ಯಾಮರಾ ಕೊಂಡುಕೊಂಡು ಬಂದ. ಇಡೀ ಬಳಗದಲ್ಲಿ ಅದೊಂದೇ ಕ್ಯಾಮರಾ! ಒಂದು ರೋಲಿಗೆ ಹನ್ನೆರಡೇ ಫೋಟೊ. ಹನ್ನೆರಡನ್ನೂ ಅಡುಗೆಗೇ ಸುರಿದು ಬರುತ್ತಿದ್ದ. ಮತ್ತೆ ಯಾಕೆ ಕರೆಯುತ್ತಿದ್ದರು? ಈ ಸಲವಾದರೂ ಬುದ್ಧಿ ಬಂದೀತು ಎಂಬ ಆಸೆ!

"ಇದೆಂಥಾ ಹುಚ್ಚಪಾ ನಿಂದು?" ಎಂದು ಅಪ್ಪ ಬೈದರೆ ಅವನ ಉತ್ತರ ತಯಾರಿರುತ್ತಿತ್ತು: "ಹೆಂಡತಿ ಮಾರಿ ದಿನಾ ನೋಡೂದ ಐತ್ರಿ. ಈ ಹುಗ್ಗಿ ನಾಳಿ ಇರತೈತೇನು?"

ಹೆಂಡತಿಯ ಬಗ್ಗೆ ಇಷ್ಟು ತಿಳಿದವನಿಗೆ ಹೆಂಡತಿಯೇ ಇರಲಿಲ್ಲ. ಅದಕ್ಕೂ ಕಾರಣ ಅದೇ ಡಬ್ಬಿ. ಕೊಲ್ಹಾರಕ್ಕೆ ಕನ್ಯಾ ನೋಡಲು ಹೋಗಿದ್ದೆವು. ಹುಡುಗಿ ಉಪ್ಪಿಟ್ಟಿನ ತಾಟು ತಂದು ಮುಂದಿಟ್ಟಳು. ಇವನು ಹುಡುಗಿಯನ್ನು ಬಿಟ್ಟು ತಾಟನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದ! ಅವನ ಕ್ಯಾಮರಾಕ್ಕೆ ಬಿಸಿಲೇ ಬೇಕು. ತಿರುಗಿ ಬಂದಾಗ ಹುಡುಗಿಯ ಅಪ್ಪ ಮೆಲ್ಲಗೆ ಕೇಳಿದರು, "ಹೆಂಗ ಅನಸ್ತ್ರಿ?"

"ಚಲೋ ಐತ್ರಿ. ಖರೆ, ಒಗ್ಗರಣಿ ಜರಾ ಕರ್ರಗಾಗೈತಿ."

ಅವರು ಕೇಳಿದ್ದು ಮಗಳ ಬಗ್ಗೆ ಎಂದು ಅವನಿಗೆ ಹೊಳೆದದ್ದು ಬಸ್ಸಿನಲ್ಲಿ. ಅಲ್ಲಿಗೆ ಕನ್ಯಾ ನೋಡುವುದೂ ಮುಗಿಯಿತು.

ಇಂಡಿಯ ಮದುವೆಯ ಕಥೆ ಇನ್ನೂ ಘೋರ. ನಿಂಬೆ ತೋಟಗಳ ಊರು, ಅಲ್ಲಿ ನಿಂಬೆಹಣ್ಣಿಗೆ ಬರವೇ? ಗಾಜಿನ ಗ್ಲಾಸಿನಲ್ಲಿ ಶರಬತ್ತು ತಂದು ಮದುಮಗನ ಕೈಗೆ ಕೊಟ್ಟರು. ಅವನು ಇನ್ನೇನು ತುಟಿಗೆ ಹಚ್ಚಬೇಕು, ಮಾಮಾ ಹಂದರದ ಆ ತುದಿಯಿಂದ ಗಂಟಲು ಹರಿಯುವಂತೆ ಕೂಗಿದ: "ಕುಡೀಬ್ಯಾಡ್ರೀ!"

ಮದುಮಗ ಏನು ತಿಳಿದುಕೊಳ್ಳಬೇಕು ಪಾಪ! ಗ್ಲಾಸು ಹಾರಿ ಮಾವನ ಧೋತರದ ಮೇಲೆ ಬಿತ್ತು. ಗಂಡಿನ ಕಡೆಯ ಹೆಂಗಸರು ಬೊಬ್ಬೆ ಹೊಡೆದರು. ಯಾರೋ ಡಾಕ್ಟರನ್ನು ಕರೆಯಲು ಓಡಿದರು. ಮಾಮಾ ಓಡಿ ಬಂದವನೇ, "ಛೇ, ಚೆಲ್ಲೇಬಿಟ್ರಿ! ಬಿಸಿಲಾಗ ಎಷ್ಟ ಚಂದ ಹೊಳ್ಯಾಕತ್ತಿತ್ತು" ಎಂದ. ಆ ದಿನ ಅವನ ಮೈಮೇಲೆ ಅಂಗಿ ಉಳಿದದ್ದೇ ದೊಡ್ಡದು.

ಇಂಥವನಿಗೆ ನನ್ನ ಅಕ್ಕ ತನ್ನ ಮದುವೆಯ ಫೋಟೊ ಒಪ್ಪಿಸಿದಳು! ಸಿಂದಗಿಯ ನಮ್ಮ ಮನೆಯ ಮುಂದೆಯೇ ಹಂದರ. ಅವಳು ಬೇಡಿದ್ದು ಒಂದೇ ಒಂದು. ಮುಹೂರ್ತಕ್ಕೆ ತಲೆಯ ಮೇಲೆ ಅಕ್ಷತೆ ಬೀಳುತ್ತದಲ್ಲ, ನಮ್ಮ ಕಡೆ ಅದಕ್ಕೆ ಅಕ್ಕಿಕಾಳು ಎನ್ನುತ್ತೇವೆ, ಅದರ ಫೋಟೊ.

"ಮಾಮಾ, ಹನ್ನೊಂದ ನಿನಗ. ಏನರ ತಗಿ. ಅಕ್ಕಿಕಾಳಿಂದು ಒಂದ ನನಗ ಕೊಡು."

"ನಿನ್ನಾಣಿ ತಗೀತೇನವಾ," ಎಂದ ಮಾಮಾ.

ಅಕ್ಕಿಕಾಳು ಬೀಳುವ ಹೊತ್ತಿಗೆ ನಾನು ಸುತ್ತ ನೋಡಿದೆ. ಮಾಮಾ ಎಲ್ಲಿ? ಹಿತ್ತಲಲ್ಲಿ, ಒಲೆಯ ಪಕ್ಕ ಸ್ಟೂಲು ಹತ್ತಿ ನಿಂತು, ಎಣ್ಣೆಯಲ್ಲಿ ಸಂಡಿಗೆ ಅರಳುವುದನ್ನು ಹಿಡಿಯುತ್ತಿದ್ದಾನೆ! ನಾನು ಅಕ್ಕನಿಗೆ ಹೇಳಲಿಲ್ಲ. ಮದುವೆಯ ದಿನ ಅಳಿಸುವುದು ಯಾಕೆ?

ಅಷ್ಟಕ್ಕೇ ನಿಂತಿತೇ? ಊಟದ ಮೊದಲ ಸಾಲಿಗೆ ಮುದ್ದೇಬಿಹಾಳದ ಬೀಗರು, ಅಂದರೆ ಅಕ್ಕನ ಮಾವ, ಕೂತಿದ್ದರು. ಹುಗ್ಗಿಯ ಮೇಲೆ ತುಪ್ಪ ಬಿತ್ತು. ತುತ್ತು ಎತ್ತಿದರು. ಅಷ್ಟರಲ್ಲಿ ನಮ್ಮವನು ಎದುರಿಗೆ ಬಂದು ನಿಂತ.

"ಯಜಮಾನ್ರ, ಕೈ ಹಿಂದ ತಗೋರಿ. ಎಲಿ ತಗೀತೇನಿ."

ಉಂಡವರ ಎಲೆ ತೆಗೆಯುವುದು ಸರಿ. ಉಣ್ಣುವ ಮೊದಲೇ ತೆಗೆದರೆ? ಬೀಗರ ಮೀಸೆ ನೆಟ್ಟಗಾಯಿತು.

"ಏನಂದಿ? ಒಂದ ತುತ್ತ ಬಾಯಾಗ ಹೋಗಿಲ್ಲ, ಎಲಿ ತಗೀತಿ?"

"ಹೌದ್ರಿ. ಮೊದಲ ನಿಮ್ದ ತಗೀತೇನಿ. ಆಮ್ಯಾಲ ಸಾಲಿಗೆ ಸಾಲ ತಗೀತೇನಿ!"

ಸಾಲಿಗೆ ಸಾಲೇ ಎದ್ದಿತು. "ನಿಮ್ಮ ಹೆಣ್ಣ ನಿಮ್ಮ ಮನ್ಯಾಗ ಇಟ್ಕೋರಿ!" ಎಂದು ಬೀಗರು ರುಮಾಲು ಕೊಡವಿದರು. ಒಳಗೆ ಅಕ್ಕ ಸುಣ್ಣದಂತೆ ಬೆಳ್ಳಗಾದಳು. ಅಪ್ಪ ಬೀಗರ ಕೈಹಿಡಿದು ಅಂಗಲಾಚಿದರು: "ಎಲಿ ಅಲ್ರೀ, ಎಲೀದು ಫೋಟೊ! ಫೋಟೊ ತಗೀತಾನಂತ್ರೀ!"

"ಫೋಟೊ? ಎಲೀದ್ಯಾಕ? ನಾವ ಸತ್ತೇವೇನು?"

ಕೊನೆಗೆ ಬೀಗರ ಫೋಟೊ ತೆಗೆಯುವುದೆಂದು ರಾಜಿಯಾಯಿತು. ಮೀಸೆ ತೀಡಿಕೊಂಡು, ಎದೆ ಉಬ್ಬಿಸಿ ಕೂತರು. ಹದಿನೈದು ದಿನಕ್ಕೆ ಫೋಟೊ ಮುದ್ದೇಬಿಹಾಳಕ್ಕೆ ಹೋಯಿತು. ಎಲೆ ಉಪ್ಪಿನ ಸಮೇತ ಪೂರ್ತಿ ಬಂದಿತ್ತು, ಬೀಗರು ಕುತ್ತಿಗೆಯವರೆಗೆ ಮಾತ್ರ ಬಂದಿದ್ದರು.

ಪಂಚಮಿಗೆ ತವರಿಗೆ ಬಂದ ಅಕ್ಕ ಕೆಂಡವಾಗಿದ್ದಳು. "ನಿನ್ನ ಲಗ್ನದ ಫೋಟೊ ಎಲ್ಲಿ ಅಂತ ಅತ್ತಿ ದಿನಾ ಹಂಗಿಸ್ತಾಳ. ಅಕ್ಕಿಕಾಳಿಂದು ಇರಲಿಲ್ಲಂದ್ರ ಅವನ ಡಬ್ಬಿ ಬಾವ್ಯಾಗ ಒಗೀತೇನಿ, ನಡಿ!" ಎಂದು ನನ್ನನ್ನು ಎಳೆದುಕೊಂಡು ಬಾಗೇವಾಡಿಯ ಬಸ್ಸು ಹತ್ತಿದಳು.

ಮಾಮಾ ಇದ್ದದ್ದು ನಮ್ಮ ದೊಡ್ಡವ್ವನ ಜೊತೆ. ದೊಡ್ಡವ್ವ ಎಂದರೆ ಅವ್ವನಿಗೂ ಮಾಮಾನಿಗೂ ಹಿರಿಯಕ್ಕ. ಆಕೆಗೆ ಇಪ್ಪತ್ತು ತುಂಬುವುದರೊಳಗೆ ಗಂಡ ತೀರಿಕೊಂಡಿದ್ದ. ನಾವು ಹೋದಾಗ ಇಬ್ಬರೂ ತಲಬಾಗಿಲ ಬೆಳಕಿಗೆ ಕೂತಿದ್ದರು. ದೊಡ್ಡವ್ವ ಅಕ್ಕನ ಮದುವೆಯ ಒಂದು ಫೋಟೊವನ್ನು ಕಣ್ಣಿಗೆ ಹತ್ತಿರ ಹಿಡಿದು, ಎಷ್ಟನೆಯ ಸಲವೋ, ಕೇಳುತ್ತಿದ್ದಳು, "ಸಂಡಿಗಿ ಅರಳಿದ್ವೊ?"

"ಹೂವಾಗ್ಯಾವ ನೋಡ ಯಕ್ಕಾ."

"ಶಾವಿಗಿ ಮುರದಿಲ್ಲಲ್ಲ?"

"ಒಂದ ಎಳಿ ಮುರದಿಲ್ಲ. ಬೀಗರು ಎರಡ ಸಲ ಹಾಕಿಸ್ಕೊಂಡ್ರು."

ಅಕ್ಕ ಹೊಸ್ತಿಲಲ್ಲೇ ನಿಂತುಬಿಟ್ಟಳು. ನನಗೂ ಆಗಲೇ ಕಣ್ಣು ತೆರೆದದ್ದು. ನಮ್ಮ ಬಳಗದ ಯಾವ ಮದುವೆಯ ಹಪ್ಪಳ, ಸಂಡಿಗೆ, ಶಾವಿಗೆ ಈಕೆಯ ಕೈಯಲ್ಲಿ ಆಗಿಲ್ಲ ಹೇಳಿ! ತಿಂಗಳುಗಟ್ಟಲೆ ಬಂದು ಹೊಸೆಯುತ್ತಿದ್ದಳು. ಹಂದರ ಹಾಕುವ ಹಿಂದಿನ ದಿನ ಗಂಟು ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದಳು. ವಿಧವೆ ಮುಹೂರ್ತದಲ್ಲಿ ಇರಬಾರದಲ್ಲ! ಹೋಗೆಂದು ಯಾರೂ ಹೇಳುತ್ತಿರಲಿಲ್ಲ. ಇರು ಎಂದೂ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮಾಮಾನನ್ನು ಹುಚ್ಚ ಎಂದು ನಗುತ್ತಾ ಅವಳ ಶಾವಿಗೆ ಉಂಡು ಬಂದ ದೊಡ್ಡ ಶಾಣ್ಯಾರು ನಾವು.

ನಮ್ಮನ್ನು ಕಂಡು ದೊಡ್ಡವ್ವ ಹಿಗ್ಗಿದಳು. "ಬಾರವಾ, ನಿನ್ನ ಅಕ್ಕಿಕಾಳಿನ ಫೋಟೊ ಎಲ್ಲೈತಿ? ಇಂವ ತೋರಸವಲ್ಲ."

ಮಾಮಾ ನೆಲ ನೋಡಿದ. "ತಪ್ಪಾತವಾ," ಎಂದ.

ಅಕ್ಕ ಬೈಯಲಿಲ್ಲ. ಒಳಗೆ ಹೋಗಿ ಮುಷ್ಟಿ ತುಂಬ ಅಕ್ಕಿ ತಂದು ದೊಡ್ಡವ್ವನ ಕೈಗೆ ಸುರಿದು, ಅವಳನ್ನು ಅಂಗಳದ ಬಿಸಿಲಿಗೆ ಕರೆತಂದು ಮುಂದೆ ತಲೆಬಾಗಿ ಕೂತಳು.

"ಹಾಕ ದೊಡ್ಡವ್ವಾ."

"ನನ್ನ ಕೈಲೇನವಾ? ಬ್ಯಾಡವಾ, ಬ್ಯಾಡ..."

"ಹೂಂ, ನಿನ್ನ ಕೈಲೇ. ಮಾಮಾ, ತಗಿ."

ಆ ಫೋಟೊ ಇವತ್ತಿಗೂ ಅಕ್ಕನ ಮನೆಯ ಗೋಡೆಯ ಮೇಲಿದೆ. ಸ್ವಲ್ಪ ಅಲುಗಿ ಬಂದಿದೆ. ದೊಡ್ಡವ್ವನ ಕೈ ನಡುಗಿತು, ಅದಕ್ಕೇ ಹಾಗಾಯಿತು ಎಂದು ಮಾಮಾ ಎಲ್ಲರಿಗೂ ಹೇಳುತ್ತಿದ್ದ. ಶುದ್ಧ ಸುಳ್ಳು! ನಾನು ಪಕ್ಕದಲ್ಲೇ ನಿಂತಿದ್ದೆ. ನಡುಗಿದ್ದು ಅವನ ಕೈ.